ಹಾಫ್‌ಬ್ಲಿಕ್ ಗೆದ್ದ ಬೇಸಿಗೆ

ನಮ್ಮೂರಿನ ಹಾಫ್‌ಬ್ಲಿಕ್ ಕ್ಲಬ್ಬು ಮೊದಲು ಬರೀ ಕುಸ್ತಿಯ ಸಂಘವಾಗಿತ್ತು. ಆಮೇಲೆ ಸ್ಕೀ ಸೇರಿತು, ಮೀನಿನ ಗೋದಾಮಿನಲ್ಲಿ ಆಡುವ ಹ್ಯಾಂಡ್‌ಬಾಲ್ ಸೇರಿತು, ಬಿಸಿನೀರಿನ ಬುಗ್ಗೆಯ ಪಕ್ಕ ಊರವರೇ ಅಗೆದ ಕೊಳದಲ್ಲಿ ಈಜು ಸೇರಿತು. ಇಷ್ಟಿದ್ದರೂ ಹೊರಗಿನವರೆದುರು ಹೇಳಿಕೊಳ್ಳಲು ನಮಗಿದ್ದವನು ಬ್ರಾಂಡುರ್ ಒಬ್ಬನೇ. ಈಟಿ ಎಸೆತದಲ್ಲಿ ದೇಶದ ದಾಖಲೆ ಅವನದು. ಮೀನು ಘನೀಕರಿಸುವ ಕಾರ್ಖಾನೆಯಲ್ಲಿ ತಾಯಿಯ ಜೊತೆ ಕೆಲಸ ಮಾಡುತ್ತಿದ್ದ. ಸಂಜೆ ಕೊಲ್ಲಿಯ ದಂಡೆಯಲ್ಲಿ ಒಬ್ಬನೇ ಎಸೆಯುತ್ತಿದ್ದ. ಯಾವಾಗಲೂ ಏನೋ ಯೋಚನೆಯಲ್ಲಿರುವವನು. ಎರಡು ಕಾಲಿಗೆ ಎರಡು ಬಣ್ಣದ ಬೂಟು ಹಾಕಿಕೊಂಡು ಬಂದರೂ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ.

ಫುಟ್‌ಬಾಲಿನಲ್ಲಿ ಮಾತ್ರ ನಾವು ಹುಟ್ಟಿದಾಗಿನಿಂದ ಕೊನೆಯ ದರ್ಜೆಯಲ್ಲೇ ಬಿದ್ದಿದ್ದೆವು. ಕಪ್ಪು ಜಲ್ಲಿಯ ಮೈದಾನದಲ್ಲಿ ಮೊಣಕಾಲು ತರಚಿಕೊಂಡು ಸೋಲುವುದು ಅಭ್ಯಾಸವೇ ಆಗಿಹೋಗಿತ್ತು. ಆ ಬೇಸಿಗೆ ಅದೇನಾಯಿತೋ, ಕೊನೆಯದೊಂದು ಪಂದ್ಯ ಗೆದ್ದರೆ ಮೇಲಿನ ದರ್ಜೆ ಎನ್ನುವಲ್ಲಿಗೆ ಬಂದು ನಿಂತೆವು. ಅದಕ್ಕೆ ಮುಖ್ಯ ಕಾರಣ ಗೋಲ್‌ಕೀಪರ್ ಕೆಟಿಲ್.

ಕೆಟಿಲ್ ದೋಣಿಯ ಕೆಲಸಗಾರ. ಪಂದ್ಯದ ವಾರವೇ ದೋಣಿ ಹೊರಡುವುದಿತ್ತು. ಬದಲಿಗೆ ಒಬ್ಬನನ್ನು ಕರೆತಂದರೆ ದಡದಲ್ಲಿ ಉಳಿಯಬಹುದು ಎಂದು ದೋಣಿಯ ಕ್ಯಾಪ್ಟನ್ ಹೇಳಿದ. ಕ್ಲಬ್ಬಿನ ಅಧ್ಯಕ್ಷೆ ಸೋಲ್‌ರೂನ್ ಮನೆಮನೆ ತಿರುಗಿದಳು. ಗಟ್ಟಿಮುಟ್ಟಾದವರು ಅರ್ಧ ಜನ ತಂಡದಲ್ಲಿದ್ದರು, ಉಳಿದವರು ಹುಲ್ಲು ಕೊಯ್ಲಿನಲ್ಲಿದ್ದರು. ಕೊನೆಗೆ ಕೆಟಿಲ್ ತಾನೇ ಬ್ರಾಂಡುರನ ಬಳಿ ಹೋದ. ಚಿಕ್ಕಂದಿನಿಂದ ಒಂದೇ ಬೆಂಚಿನಲ್ಲಿ ಕೂತು ಕಲಿತವರು ಅವರು.

"ದೋಣಿ ಹತ್ತಿದ್ರೆ ನನಗೆ ವಾಂತಿ ಬರುತ್ತೆ, ನಿನಗೆ ಗೊತ್ತಲ್ಲ ಮಾರಾಯ," ಅಂದ ಬ್ರಾಂಡುರ್.

"ಒಂದೇ ಒಂದು ಸಲ ಹೋಗಿ ಬಾರೋ. ಊರಿಗೋಸ್ಕರ."

"ಗೆಲ್ಲದೆ ಇದ್ರೆ ಈಟಿ ಬದಲು ನಿನ್ನನ್ನೇ ಎಸೀತೀನಿ ನೋಡು."

ಬದಲಿಗೆ ಬಂದವನಿಗೆ ತನ್ನ ಜಾಗದ ಕೆಲಸವನ್ನು ಹೇಳಿಕೊಟ್ಟು ಇಳಿಯುವುದು ದೋಣಿಯವರ ಪದ್ಧತಿ. ಕೆಟಿಲ್ ನಿಲ್ಲುತ್ತಿದ್ದದ್ದು ಡ್ರಮ್ಮಿಗೆ ಹಗ್ಗ ಸುತ್ತಿ ಬಲೆ ಎಳೆಯುವ ವಿಂಚ್ ಯಂತ್ರದ ಬಳಿ. ಅದರ ಬ್ರೇಕು ಜಾರುತ್ತಿತ್ತು. ನಿಂತಿತು ಅನ್ನಿಸಿದ ಮೇಲೂ ಡ್ರಮ್ಮು ಇನ್ನೊಂದಿಷ್ಟು ತಿರುಗುವುದು. ಕೈ ಹಾಕುವ ಮೊದಲು ಕಾಯಬೇಕು. ದೋಣಿ ಕಟ್ಟುವ ಧಕ್ಕೆಯ ಮೇಲೆ ನಿಂತು ಕೆಟಿಲ್ ಹಗ್ಗ, ಕೈಗವಸು, ಮಲಗುವ ಜಾಗ ಎಲ್ಲವನ್ನೂ ತೋರಿಸಿದ. ಬ್ರೇಕಿನ ಮಾತು ನಾಲಿಗೆಯ ತುದಿಗೆ ಬಂತು. ಬ್ರಾಂಡುರ್ ಆಗಲೇ ಬಿಳಿಚಿಕೊಂಡು ನೀರು ನೋಡುತ್ತಿದ್ದ. ಹೇಳಿದರೆ ಇವನು ಹಿಂದೆ ಸರಿದುಬಿಟ್ಟಾನು ಎಂದು ಕೆಟಿಲ್‌ಗೆ ಅನ್ನಿಸಿತು. ಬೆನ್ನು ತಟ್ಟಿ ಕಳಿಸಿದ.

ಪಂದ್ಯ ಗೆದ್ದೆವು. ಕೊನೆಗಳಿಗೆಯಲ್ಲಿ ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ಕೆಟಿಲ್ ಎಡಕ್ಕೆ ಹಾರಿ ಚೆಂಡನ್ನು ಬೆರಳ ತುದಿಯಿಂದ ಹೊರಗೆ ತಳ್ಳಿದ. ಕ್ಲಬ್ಬಿನ ಮನೆಯಲ್ಲಿ ಕಾಫಿ ಕಾಯುತ್ತಿತ್ತು, ಹೆಂಗಸರು ಕ್ಲೈನುರ್ ಎಂಬ ಸಿಹಿ ತಿಂಡಿ ಕರಿದು ತಟ್ಟೆಗಳಲ್ಲಿ ತುಂಬಿದ್ದರು. ಎಲ್ಲರೂ ಕೆಟಿಲನನ್ನು ಹೆಗಲ ಮೇಲೆ ಹೊತ್ತು ಒಳಗೆ ಬಂದಾಗ ಸೋಲ್‌ರೂನ್ ಫೋನು ಹಿಡಿದು ನಿಂತಿದ್ದಳು. ದೋಣಿಯಿಂದ ರೇಡಿಯೋದಲ್ಲಿ ಸುದ್ದಿ ಬಂದಿತ್ತು. ಬ್ರಾಂಡುರನ ಬಲಗೈ ವಿಂಚಿಗೆ ಸಿಕ್ಕಿತ್ತು.

ಅಕುರೇರಿ ಪಟ್ಟಣದ ಆಸ್ಪತ್ರೆಯಲ್ಲಿ ಆ ಕೈಯ ಹೆಬ್ಬೆರಳು, ಕಿರುಬೆರಳು ಮಾತ್ರ ಉಳಿಸಲಾಯಿತು. ಕೆಟಿಲ್ ನೋಡಲು ಹೋದ. ಕ್ಯಾಪ್ಟನ್ ಅದಕ್ಕೂ ಮೊದಲೇ ಬಂದು, ಬ್ರೇಕಿನ ವಿಷಯ ಕೆಟಿಲ್ ಹೇಳಿರಬೇಕಲ್ಲ ಎಂದು ಕೇಳಿ ಹೋಗಿದ್ದ. ತಾನು ಎಂಥ ಮರೆಗುಳಿ ಎಂದು ಬ್ರಾಂಡುರನಿಗೆ ಗೊತ್ತಿತ್ತು. ಕೆಟಿಲ್ ಹೇಳಿರುತ್ತಾನೆ ಎಂದೇ ನಂಬಿಬಿಟ್ಟಿದ್ದ.

"ನೀನು ಹೇಳಿರ್ತೀಯ. ನಾನೇ ಕಿವಿಗೆ ಹಾಕ್ಕೊಂಡಿಲ್ಲ," ಅಂದ. "ಆ ಪೆನಾಲ್ಟಿ ಹೇಗೆ ತಡೆದೆ, ಅದು ಹೇಳು."

ಕೆಟಿಲ್ ಪೆನಾಲ್ಟಿಯ ಕಥೆ ಹೇಳಿದ.

ಸ್ನೇಹಿತ ನಗುತ್ತಿದ್ದ. ಈಗ ಹೇಳಬೇಕು, ಈಗ, ಎಂದುಕೊಳ್ಳುತ್ತಲೇ ಎದ್ದು ಬಂದ. ಆಮೇಲೆ ಆ ಮಾತಿಗೆ ಸರಿಯಾದ ಹೊತ್ತು ಬರಲೇ ಇಲ್ಲ. ವಾರವಾರವೂ ಅವರ ಮನೆಗೆ ಮೀನು ಒಯ್ದುಕೊಟ್ಟ, ಹಿಮ ಬಿದ್ದಾಗ ಅಂಗಳ ಗುಡಿಸಿದ. ಎಂಥ ಗೆಳೆಯ ಎಂದು ಊರು ಹೊಗಳಿತು. ಆ ಹೊಗಳಿಕೆ ಕೇಳಿದಾಗೆಲ್ಲ ಅವನಿಗೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ಮೀನು ಇಳಿಸಲು ಕಾರ್ಖಾನೆಗೆ ಹೋದಾಗ ಬ್ರಾಂಡುರನ ತಾಯಿ ಆಸ್ತ್‌ಹಿಲ್ದುರ್ ಪಕ್ಕದವಳಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. ತನ್ನ ಮಗನಿಗೆ ಹುಟ್ಟಿದಾಗಿನಿಂದ ಮೈಮೇಲೆ ಎಚ್ಚರವಿಲ್ಲ, ಹೇಳಿದ್ದನ್ನು ಕೇಳುವವನಲ್ಲ, ದೇವರು ಕೊಟ್ಟ ಕೈಯನ್ನು ತಾನೇ ಕಳೆದುಕೊಂಡ ಎನ್ನುತ್ತಿದ್ದಳು. ಅದೇ ವಾರ ಸೋಲ್‌ರೂನ್ ಬಂದು, ಕ್ಲಬ್ಬಿನ ಹಬ್ಬದಲ್ಲಿ ಕೆಟಿಲ್‌ಗೆ ಚಿನ್ನದ ಪದಕ ತೊಡಿಸುವುದು ಬ್ರಾಂಡುರನೇ ಎಂದಳು. ಅವನೇ ಕೇಳಿಕೊಂಡನಂತೆ.

ಕೆಟಿಲ್ ನೆಟ್ಟಗೆ ಬ್ರಾಂಡುರನ ಮನೆಗೆ ನಡೆದ. ಅವನು ಅಡುಗೆಮನೆಯಲ್ಲಿ ಎಡಗೈಯಿಂದ ಆಲೂಗಡ್ಡೆ ಸುಲಿಯುತ್ತಿದ್ದ. ಕೆಟಿಲ್ ಕೂರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದ. ಮರೆತದ್ದಲ್ಲ, ಬೇಕೆಂದೇ ಬಾಯಿ ಮುಚ್ಚಿಕೊಂಡೆ ಎಂದೂ ಹೇಳಿದ.

ಬ್ರಾಂಡುರ್ ಚಾಕು ಕೆಳಗಿಟ್ಟ.

"ಕೈ ಹೋಯ್ತು, ಅದು ಹಾಗಿರಲಿ," ಅಂದ. "ದಿನಾ ರಾತ್ರಿ ಕಣ್ಣು ಮುಚ್ಕೊಂಡು ಆ ಧಕ್ಕೆ ಮೇಲೆ ನಿಂತ್ಕೋತಿದ್ದೆ ಕಣೋ, ನೀನು ಹೇಳಿದ ಮಾತು ನೆನಪು ಮಾಡ್ಕೊಳ್ಳೋಕೆ. ನನ್ನ ತಲೆಯೇ ಸರಿಯಿಲ್ಲ ಅಂದ್ಕೊಂಡಿದ್ದೆ."

"ಬ್ರಾಂಡುರ್..."

"ನನಗೆ ಹೇಳಿದ್ರೆ ಸಾಲದು. ಅಮ್ಮನಿಗೆ ಹೇಳು. ಅವಳು ಯಾರ ಯಾರ ಮುಂದೆ ಅಂದಿದ್ದಾಳೋ ಅವರ ಮುಂದೆಯೇ ಹೇಳು."

ಮರುದಿನ ಬೆಳಗ್ಗೆ ಕಾಫಿ ಬಿಡುವಿನಲ್ಲಿ ಕೆಟಿಲ್ ಕಾರ್ಖಾನೆಯ ಊಟದ ಕೋಣೆಗೆ ಹೋಗಿ ಟೋಪಿ ತೆಗೆದು ನಿಂತ. ಎಲ್ಲರೂ ಪೆನಾಲ್ಟಿಯ ವೀರ ಬಂದನೆಂದು ಜಾಗ ಮಾಡಿಕೊಟ್ಟರು. ಅವನು ಎಲ್ಲವನ್ನೂ ಹೇಳಿ ಮುಗಿಸಿದ. ಆಸ್ತ್‌ಹಿಲ್ದುರ್ ಅವನನ್ನು ಬೈಯಲಿಲ್ಲ. ಅವನ ಕಡೆ ನೋಡಲೂ ಇಲ್ಲ. ಕೈಗವಸು ಹಾಕಿಕೊಂಡಳು, ಮತ್ತೆ ತೆಗೆದಳು, ಮಗನ ಮನಸ್ಸನ್ನು ಎಷ್ಟು ನೋಯಿಸಿದೆನಲ್ಲ ಎಂದು ಪಕ್ಕದವಳ ಹೆಗಲಿಗೆ ಮುಖವಿಟ್ಟು ಅತ್ತಳು. ಕೆಟಿಲ್ ಅದನ್ನು ನಿಂತು ನೋಡಬೇಕಾಯಿತು.

ಪದಕ ಯಾರಿಗೂ ಕೊಡಲಿಲ್ಲ. ಕೆಟಿಲ್ ಗೋಲ್ ಬಿಟ್ಟ. ಮುಂದಿನ ಬೇಸಿಗೆಯಲ್ಲಿ ನಾವು ಒಂದಾದ ಮೇಲೊಂದು ಸೋತು ಹಳೆಯ ದರ್ಜೆಗೇ ಇಳಿದೆವು. ಅದಕ್ಕೂ ಅವನನ್ನೇ ಬೈದವರಿದ್ದರು. ಅವನು ಯಾರಿಗೂ ಎದುರಾಡಲಿಲ್ಲ. ಕ್ಲಬ್ಬಿನಲ್ಲಿ ಬೇರೆ ಯಾರೂ ಮಾಡದ ಕೆಲಸಗಳನ್ನು ಮಾಡಿಕೊಂಡು ಉಳಿದ.

ಬ್ರಾಂಡುರ್ ಎಡಗೈಯಲ್ಲಿ ಎಸೆಯಲು ಕಲಿಯುತ್ತಿದ್ದ. ಜಿಲ್ಲಾ ಕೂಟದ ದಿನ ಅವನು ಹೆಸರು ಕೊಟ್ಟಾಗ, ದೂರ ಅಳೆಯುವ ಟೇಪು ಹಿಡಿದು ನಿಂತಿದ್ದವನು ಕೆಟಿಲ್. ಈಟಿ ವಾಲಾಡುತ್ತ ಹೋಗಿ ಹತ್ತಿರದಲ್ಲೇ ನಾಟಿತು. ಅವನ ಹಳೆಯ ಎಸೆತದ ಅರ್ಧವೂ ಇರಲಿಲ್ಲ. ಕೆಟಿಲ್ ತಗ್ಗಿದ ದನಿಯಲ್ಲಿ ದೂರ ಕೂಗಿದ.

ಬ್ರಾಂಡುರ್ ಅವನತ್ತ ನಡೆದು ಬಂದ. ಅಡುಗೆಮನೆಯ ಆ ದಿನದ ನಂತರ ಅವರು ಮಾತಾಡಿರಲಿಲ್ಲ.

"ಸರಿಯಾಗಿ ಅಳೆದ್ಯಾ?"

"ಅಳೆದೆ."

"ಇನ್ನೊಂದ್ಸಲ ಅಳೆ."

ಕೆಟಿಲ್ ಜಲ್ಲಿಯ ಮೇಲೆ ಮೊಣಕಾಲೂರಿ ಟೇಪನ್ನು ಮತ್ತೆ ಎಳೆದ. ಬ್ರಾಂಡುರ್ ಇನ್ನೊಂದು ತುದಿಯನ್ನು ಬೂಟಿನಡಿ ಒತ್ತಿ ಹಿಡಿದುಕೊಂಡ. ಅಷ್ಟೇ ಬಂತು. "ಹೂಂ, ಬರ್ಕೋ ಹಾಗಾದ್ರೆ," ಎಂದು ಬ್ರಾಂಡುರ್ ಮುಂದಿನ ಎಸೆತಕ್ಕೆ ಹೋದ.