ಘಾಟಿಯ ಮೇಲೆ ಹಿಮವಿತ್ತಂತೆ

ಹದಿನಾರು ಬೇಸಿಗೆ ಮೆಂಜಾ ತನ್ನ ಗೆಳತಿ ಕಟ್ರೀನಾಳ ಜೊತೆಯಲ್ಲೇ ಊರ ಮೇಲಿನ ಎತ್ತರದ ಘಾಟಿ ದಾಟಿದ್ದಳು. ಈ ಸಲ ಮೆಂಜಾಳ ಮಂಡಿಗೆ ಆಪರೇಷನ್ ಆಗಿತ್ತು. ಅವಳ ನಾಯಿ ಗ್ರಿಶ್‌ನನ್ನು ಕಟ್ರೀನಾಳೇ ದಿನವೂ ಅಡ್ಡಾಡಿಸಿಕೊಂಡು ಬರುತ್ತಿದ್ದಳು. "ಮೇಲೆ ಇನ್ನೂ ಹಿಮ ಇದೆ ಕಣೇ, ನೀನು ನಿಧಾನಕ್ಕೆ ಹುಷಾರಾಗು," ಎನ್ನುತ್ತಿದ್ದಳು.

ಜುಲೈ ಕೊನೆಗೆ ಮೆಂಜಾ ಯಾರಿಗೂ ಹೇಳದೆ, ಕೋಲೂರಿಕೊಂಡು, ನಾಯಿಯೊಂದಿಗೆ ಘಾಟಿಯ ಕೆಳಗಿನ ಸರೋವರದವರೆಗೆ ಹತ್ತಿದಳು. ದಡದ ತಂಗುಮನೆ ನಡೆಸುವ ಡುರಿ ಬಾರ್ಲಿ ಸೂಪು ತಂದಿಟ್ಟು ಗ್ರಿಶ್‌ನ ಕಿವಿ ಹಿಂಡಿ, ನಾಯಿಯನ್ನೇ ಮಾತಾಡಿಸಿದ.

"ಏನಯ್ಯಾ, ಈ ತಿಂಗಳು ಮೂರನೇ ಸಲ ಬಂದ್ಯಲ್ಲ! ಕಟ್ರೀನಾ ಜೊತೆ ಘಾಟಿ ದಾಟಿದ್ರಲ್ಲ, ಆ ಹೊಸ ಗೆಳತೀರು ಇವತ್ತು ಬರ್ಲಿಲ್ವಾ?"

ಮೆಂಜಾ ಸೂಪನ್ನು ಅರ್ಧಕ್ಕೇ ಬಿಟ್ಟು ಎದ್ದಳು. ನೋವು ನುಂಗಿಕೊಂಡು ಘಾಟಿಯ ನೆತ್ತಿಗೇ ಹೋದಳು. ಕಲ್ಲುಗಳು ಬಿಸಿಲಿಗೆ ಕಾದಿದ್ದವು. ಹಿಮದ ಸುಳಿವೇ ಇರಲಿಲ್ಲ. ಅಲ್ಲಿಂದಲೇ ಕಟ್ರೀನಾಳಿಗೆ ಫೋನು ಮಾಡಿದಳು.

"ಘಾಟಿ ಮೇಲೆ ಹಿಮ ಕರಗಿತೇನೇ?"

"ಎಲ್ಲಿ ಕರಗತ್ತೆ! ಮುಂದಿನ ತಿಂಗಳು ನೋಡೋಣ."

"‘ನೀನು ನಿಧಾನ, ನಮ್ಮ ಜೊತೆ ಬರಬೇಡ’ ಅಂದಿದ್ರೆ ಸಾಕಿತ್ತು ಕಣೇ. ನಾನೀಗ ಘಾಟಿ ಮೇಲೇ ನಿಂತಿದ್ದೀನಿ."

ಮೆಂಜಾ ಗ್ರಿಶ್‌ನ ಹಗ್ಗವನ್ನು ಕೈಗೆ ಸುತ್ತಿಕೊಂಡಳು.

"ನಿನ್ನ ಹತ್ರ ಇರೋ ನಮ್ಮನೆ ಬೀಗದ ಕೈನ ನಮ್ಮ ಅಂಚೆಪೆಟ್ಟಿಗೆಗೆ ಹಾಕ್ಬಿಡು," ಎಂದು ಮೆಂಜಾ ಫೋನಿಟ್ಟಳು.

ಗ್ರಿಶ್ ಬಾಲ ಆಡಿಸುತ್ತಾ, ದಾರಿ ಗೊತ್ತಿದ್ದಂತೆ ಆಚೆ ಇಳಿಜಾರಿನತ್ತ ಎಳೆಯಿತು. ನಾಯಿಯದೇನೂ ತಪ್ಪಿಲ್ಲವೆಂದು ತಿಳಿದಿದ್ದರೂ, ಅದರ ಮೇಲೂ ಅವಳಿಗೆ ಸಿಟ್ಟು ಬಂತು.