ಹಾಡಿಲ್ಲದ ಇಯರ್‌ಫೋನು

ಕಂಡಕ್ಟರನ ಬಾಯಿ ಎರಡು ಮೂರು ಸಲ ತೆರೆದು ಮುಚ್ಚಿದರೂ ಮುಂದಿನ ಸೀಟಿನ ಕಾಲೇಜು ಹುಡುಗ ತಿರುಗಿ ನೋಡಲಿಲ್ಲ. ಕೊನೆಗೆ ಭುಜ ತಟ್ಟಬೇಕಾಯಿತು. ಹುಡುಗ ಕಿವಿಯೊಳಗಿಂದ ಕರಿಯ ತಂತಿಯೊಂದನ್ನು ಎಳೆದು, ನಕ್ಕು, ಟಿಕೆಟ್ಟು ತೆಗೆದುಕೊಂಡು, ತಂತಿಯನ್ನು ಮತ್ತೆ ಕಿವಿಗೆ ತುರುಕಿಕೊಂಡ. ಬಸ್ಸಿನಲ್ಲಿದ್ದ ಯಾರೂ ಅವನನ್ನು ಕಿವುಡ ಎಂದುಕೊಂಡ ಹಾಗೆ ಕಾಣಲಿಲ್ಲ. ಪಕ್ಕದಲ್ಲಿದ್ದ ಹೆಂಗಸಂತೂ ತುಸು ಗೌರವದಿಂದಲೇ ಸರಿದು ಕೂತಳು.

ದಂಡಿನಶಿವರದ ಮಾಯಣ್ಣ ಇದನ್ನೆಲ್ಲ ಹಿಂದಿನ ಸೀಟಿನಿಂದ ನೋಡಿದ. ಕಂಡಕ್ಟರು ಕೂಗಿದ್ದು ಅವನಿಗೂ ಕೇಳಿಸಿರಲಿಲ್ಲ. ಆದರೆ ಹುಡುಗನ ಬಳಿ ತೋರಿಸಲು ಒಂದು ಕಾರಣವಿತ್ತು, ಮಾಯಣ್ಣನ ಬಳಿ ಇರಲಿಲ್ಲ.

ಮಾಯಣ್ಣನ ಕಿವಿ ಅವನೊಬ್ಬನ ಸ್ವತ್ತಲ್ಲ. ಆ ಸೀಮೆಯಲ್ಲಿ ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಏರಿಸಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಎಂದು ತಿಳಿಯಬೇಕಾದರೆ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಟಲೊಟ ಎಂದರೆ ಇನ್ನೂ ನೀರಿದೆ, ಗಟಗಟ ಎಂದರೆ ಕೊಬ್ಬರಿ ತಯಾರು. ಅವಸರಪಟ್ಟು ಒಡೆದರೆ ತಿರುಳು ಚಿಪ್ಪಿಗೆ ಅಂಟಿಕೊಂಡು ಚೂರಾಗುತ್ತದೆ, ಹಸಿ ಚೂರನ್ನು ತಿಪಟೂರಿನ ಮಂಡಿಯಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ. ಇಷ್ಟು ಊರಿನಲ್ಲಿ ಎಲ್ಲರಿಗೂ ಗೊತ್ತು, ಅಲ್ಲಾಡಿಸುವುದಕ್ಕೆ ಎಲ್ಲರಿಗೂ ಕೈಯಿದೆ. ಆದರೂ ಯಾರ ಮನೆಯ ಅಟ್ಟದಿಂದ ಕಾಯಿ ಇಳಿಸುವುದಿದ್ದರೂ ಮೊದಲು ಮಾಯಣ್ಣನಿಗೆ ಹೇಳಿ ಕಳಿಸುತ್ತಾರೆ. ಅವನು ಬಂದು, ಏಣಿ ಹತ್ತಿ, ಅಲ್ಲೊಂದು ಇಲ್ಲೊಂದು ಕಾಯಿ ಎತ್ತಿ, ಕಣ್ಣು ಮುಚ್ಚಿ ಅಲ್ಲಾಡಿಸಿ "ಆಗೈತೆ" ಎನ್ನಬೇಕು. ಅವನ ಅಪ್ಪನೂ ಹೀಗೇ ಹೇಳುತ್ತಿದ್ದವನು. ಇದಕ್ಕೆ ಸಿಗುವುದು ನಡುಮನೆಯಲ್ಲೊಂದು ಚಾಪೆ, ಒಂದು ಲೋಟ ಕಾಫಿ, ಮತ್ತು ನಾಲ್ಕು ಜನ ಸೇರಿದ ಕಡೆ "ತಡೀರಿ, ಮಾಯಣ್ಣೋರು ಬರ್ಲಿ" ಎಂಬ ಒಂದು ಮಾತು. ಆ ಮಾತು ಇಲ್ಲದಿದ್ದರೆ ಮಾಯಣ್ಣ ಎಂಬುವನು ತೋಟವಿರುವ ಒಬ್ಬ ಮುದುಕ, ಅಷ್ಟೆ. ಅದು ಅವನಿಗೂ ಗೊತ್ತಿತ್ತು.

ಈಚೆಗೆ ಆ ಮಾತೇ ಕೇಳಿಸುತ್ತಿರಲಿಲ್ಲ. ಕಾಯಿ ಅಲ್ಲಾಡಿಸಿದರೆ ಗೋಡೆಯ ಆಚೆ ಯಾರೋ ಏನೋ ಸರಿಸಿದಂತಾಗುತ್ತಿತ್ತು. ಅವನು ಎಂದಿನಂತೆ ಕಣ್ಣು ಮುಚ್ಚುತ್ತಿದ್ದ, "ಆಗೈತೆ" ಎನ್ನುತ್ತಿದ್ದ. ಆಶ್ಚರ್ಯವೆಂದರೆ ಒಂದು ಸಲವೂ ತಪ್ಪಿರಲಿಲ್ಲ. ದೇವರು ದೊಡ್ಡವನು ಎಂದುಕೊಳ್ಳುತ್ತ, ದೇವರ ದೊಡ್ಡತನ ಎಷ್ಟು ದಿನ ತಡೆದೀತು ಎಂದು ಹೆದರುತ್ತಿದ್ದ. ಹೆಂಡತಿ ಲಕ್ಷ್ಮಿದೇವಮ್ಮ, ಆಸ್ಪತ್ರೆಗೆ ಹೋಗಿ ಕಿವಿ ಮಿಷನ್ನು ಹಾಕಿಸಿಕೊಳ್ಳಿ ಎಂದು ಒಂದು ದಿನ ಕೂಗಿ ಹೇಳಿದಳು. ಬೀದಿಗೆಲ್ಲ ಕೇಳಿಸಿತೇನೋ ಎಂದು ಅವನು ಬಾಗಿಲು ಹಾಕಿದ. ಕಿವಿ ಮಿಷನ್ನು ಕಟ್ಟಿಕೊಂಡವನನ್ನು ಯಾರು ಅಟ್ಟ ಹತ್ತಿಸುತ್ತಾರೆ?

ಬಸ್ಸು ತಿಪಟೂರು ಮುಟ್ಟುವ ಹೊತ್ತಿಗೆ ಅವನು ತೀರ್ಮಾನಿಸಿದ್ದ. ಕಿವುಡ ಎನಿಸಿಕೊಳ್ಳುವುದಕ್ಕಿಂತ ಷೋಕಿಲಾಲ ಎನಿಸಿಕೊಳ್ಳುವುದು ಎಷ್ಟೋ ವಾಸಿ.

ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಅಫ್ಜಲನ ಅಂಗಡಿ. ರೇಡಿಯೋ, ಟಾರ್ಚು, ವಾಕ್‌ಮನ್, ಈಗ ಮೊಬೈಲು ರಿಪೇರಿಯೂ ಸೇರಿತ್ತು. ಮಾಯಣ್ಣ ತನ್ನ ಬೀಗರೊಬ್ಬರ ಕಿವಿ ಮಂದವಾಗಿದೆಯೆಂದೂ, ಅವರು ಬಲು ಅಭಿಮಾನದ ಮನುಷ್ಯರೆಂದೂ, ನೋಡುವುದಕ್ಕೆ ಹುಡುಗರು ಹಾಡು ಕೇಳುವ ತಂತಿಯಂತೆಯೇ ಇದ್ದು ಕೇಳಿಸುವುದು ಮಾತ್ರ ಎದುರಿನವರ ಮಾತಾಗಿರುವಂಥ ಒಂದು ಸಾಧನ ಬೇಕೆಂದೂ ವಿವರಿಸಿದ. ಗುಟ್ಟಾಗಿ ಹೇಳಿದೆನೆಂದು ಅವನ ಭಾವನೆ. ಪಕ್ಕದ ಅಂಗಡಿಯ ಟೈಲರು ಮಿಷನ್ನು ನಿಲ್ಲಿಸಿ ಇಣುಕಿ ನೋಡಿದ.

ಅಫ್ಜಲ್ ನಗಲಿಲ್ಲ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕಪ್ಪು ಡಬ್ಬಿಯೊಂದನ್ನು ತೆಗೆದು, ಇದರ ತೂತಿನಲ್ಲಿ ಮೈಕು, ಒಳಗೆ ಆಂಪ್ಲಿಫಯರು ಎಂದ. ಮಾಯಣ್ಣ ನಂಬಲಿಲ್ಲ. ಅವನಿಗೆ ಗೊತ್ತಿದ್ದ ಆಂಪ್ಲಿಫಯರನ್ನು ಮದುವೆ ಮನೆಗೆ ಮೈಕ್‌ಸೆಟ್ಟಿನವರು ಇಬ್ಬರು ಸೇರಿ ಹೊತ್ತು ತರುತ್ತಿದ್ದರು. ಇದು ಅದರ ಮರಿ ಎಂದುಕೊಳ್ಳಿ ಎಂದು ಅಫ್ಜಲ್ ಸಮಾಧಾನ ಹೇಳಿದ. ಆಮೇಲೆ ಅವನ ಕಿವಿಯ ಹತ್ತಿರ ಬಾಗಿದ.

"ಬೀಗರ ಕಿವಿ ಅಳತೆ ಹೆಂಗೈತೆ ಯಜಮಾನ್ರೇ?"

"ನನ್ ಕಿವಿ ಥರಾನೇ ಅಂತಿಟ್ಕೊಳ್ಳಿ ಸಾಬ್ರೇ."

"ಹಂಗಾರೆ ಸಲೀಸಾಯ್ತು ಬುಡಿ. ನಿಮಗೇ ಹಾಕಿ ನೋಡಾಣ."

ಕಷ್ಟವಿದ್ದದ್ದು ಡಬ್ಬಿಯಲ್ಲಲ್ಲ, ಕಿವಿಯೊಳಗೆ ಕೂರಬೇಕಾದ ರಬ್ಬರಿನ ಪುಟ್ಟ ಟೋಪಿಯಲ್ಲಿ. ಸಣ್ಣದನ್ನು ಹಾಕಿದರೆ ಸಡಿಲವಾಯಿತು. ಸಂದಿನಿಂದ ಸೋರಿದ ಸದ್ದನ್ನು ಡಬ್ಬಿಯ ಮೈಕು ಮತ್ತೆ ಹಿಡಿದು, ಮೈಕ್‌ಸೆಟ್ಟು ಕೂಗಿಕೊಳ್ಳುವ ಹಾಗೆಯೇ ಕುಂಯ್ಯೆಂದು ಕೂಗಿಕೊಂಡಿತು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಮಾಯಣ್ಣನಿಗೆ ಇದು ಆಂಪ್ಲಿಫಯರೇ ಎಂಬ ನಂಬಿಕೆ ಬಂದದ್ದು ಆಗಲೇ. ದೊಡ್ಡದನ್ನು ಹಾಕಿದರೆ ಎಡಗಿವಿ ನೊಂದು ಕಣ್ಣಲ್ಲಿ ನೀರು ಬಂತು. ಸ್ಪಂಜಿನದು ಮೆತ್ತಗಿತ್ತು, ಆದರೆ ಬೆವರು ಹೀರಿಕೊಂಡು ವಾರದಲ್ಲಿ ಹಾಳಾಗುತ್ತದೆ ಎಂದು ಅಫ್ಜಲನೇ ಬೇಡವೆಂದ. ಕೊನೆಗೆ ಎಡಕ್ಕೆ ಮಧ್ಯದ್ದು, ಬಲಕ್ಕೆ ದೊಡ್ಡದು ಎಂದಾದ ಮೇಲೆ ಕೂಗಾಟ ನಿಂತಿತು. ಇಷ್ಟು ವರ್ಷ ಒಂದೇ ತಲೆಯ ಎರಡು ಪಕ್ಕದಲ್ಲಿದ್ದ ಕಿವಿಗಳು ಒಂದೇ ಅಳತೆಯವಲ್ಲ ಎಂಬುದು ಮಾಯಣ್ಣನಿಗೆ ಅಂದು ತಿಳಿಯಿತು.

ತಂತಿಯದ್ದು ಇನ್ನೊಂದು ಪಾಡು. ಡಬ್ಬಿಯ ಜೊತೆ ಬಂದಿದ್ದ ತಂತಿ ಮೈಬಣ್ಣದ್ದು. ಅದು ಆಸ್ಪತ್ರೆಯ ಬಣ್ಣ ಎಂದು ಮಾಯಣ್ಣ ಮುಟ್ಟಲೇ ಇಲ್ಲ. ಪ್ಲಾಸ್ಟಿಕ್ಕಿನ ಕರಿ ತಂತಿ ಅಂಗಿಗೆ ಉಜ್ಜಿದಾಗಲೆಲ್ಲ ಅಟ್ಟದ ಮೇಲೆ ಹೆಗ್ಗಣ ಓಡಾಡಿದಂತೆ ಕೇಳಿಸಿತು. ಕೆಂಪು ತಂತಿಯೊಂದನ್ನು ಅವನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದು ಬಿಟ್ಟ. ಕೊನೆಗೆ ನೂಲು ಸುತ್ತಿದ ಕರಿಯದೊಂದು ಒಪ್ಪಿಗೆಯಾಯಿತು. ಅಫ್ಜಲ್ ಡಬ್ಬಿಯ ಅಂಚಿನಲ್ಲಿದ್ದ, ಸದ್ದು ಏರಿಸಿ ಇಳಿಸುವ ಪುಟ್ಟ ಗಾಲಿ ತಿರುಗಿಸಿದ. ಮಾಯಣ್ಣನಿಗೆ ಮೊದಲು ಕೇಳಿಸಿದ್ದು ತನ್ನದೇ ಉಸಿರು, ಆಮೇಲೆ ಟೈಲರನ ಮಿಷನ್ನು, ಆಮೇಲೆ ಇಡೀ ತಿಪಟೂರು.

"ಬೀಗರಿಗೆ ಸರಿಹೋಗ್ತದಾ?" ಎಂದು ಅಫ್ಜಲ್ ಕೇಳಿದ, ಈ ಸಲ ಮೆಲ್ಲಗೆ.

"ಹೋಗ್ತದೆ" ಎಂದು ಮಾಯಣ್ಣನೂ ಮೆಲ್ಲಗೆ ಹೇಳಿ, ಬೀಗರ ಕಿವಿಯ ಸಾಧನವನ್ನು ತನ್ನ ಕಿವಿಯಲ್ಲೇ ಇಟ್ಟುಕೊಂಡು ಬಸ್ಸು ಹತ್ತಿದ.

ಊರಿನಲ್ಲಿ ಅಂದುಕೊಂಡಂತೆಯೇ ಆಯಿತು. ಮಾಯಣ್ಣನಿಗೆ ಈ ವಯಸ್ಸಿನಲ್ಲಿ ಹಾಡಿನ ಹುಚ್ಚು ಹಿಡಿದಿದೆ ಎಂದು ಸುದ್ದಿಯಾಯಿತು. ಲಕ್ಷ್ಮಿದೇವಮ್ಮನಿಗೂ ಅವನು ನಿಜ ಹೇಳಲಿಲ್ಲ. ಅವಳಿಗೆ ಗೊತ್ತಾದದ್ದು ನಲ್ಲಿಯ ಹತ್ತಿರ ಬಿಂದಿಗೆ ತುಂಬುವುದರೊಳಗೆ ಊರಿಗೆ ಗೊತ್ತಾಗುತ್ತಿತ್ತು. "ಕಿವಿಗೆ ಮಿಷನ್ ಹಾಕ್ಸಿ ಅಂದ್ರೆ ಸಿನಿಮಾ ಹಾಡ್ ಹಾಕ್ಕಂಡ್ ಬಂದವ್ರೆ ಕಣೇ" ಎಂದು ಅವಳು ಪಕ್ಕದ ಮನೆಯವಳ ಹತ್ತಿರ ಹೇಳಿದ್ದು ಅವನಿಗೆ ಹಿತ್ತಲಿನಿಂದ ಸ್ಪಷ್ಟವಾಗಿ ಕೇಳಿಸಿತು. ಕಿವಿ ಕೇಳದಿದ್ದಾಗ ಹತ್ತಿರ ಬಂದು ಮಾತಾಡಿಸುತ್ತಿದ್ದವರು, ಈಗ ಕೇಳುವಾಗ, ದೂರದಿಂದಲೇ ಕೈಬೀಸಿ ಹೋಗತೊಡಗಿದರು. ಅವನ ಎದುರಿಗೇ ಅವನ ವಿಷಯ ಮಾತಾಡುವುದೂ ಶುರುವಾಯಿತು. ಏನು ಕೇಳಿಸಿದರೂ ಮುಖದಲ್ಲಿ ತೋರಿಸುವಂತಿರಲಿಲ್ಲ. ಅದಕ್ಕೆ ಹಾಡು ಕೇಳುವವನಂತೆ ಆಗಾಗ ತಲೆದೂಗಬೇಕಾಗುತ್ತಿತ್ತು.

ಅಷ್ಟರಲ್ಲಿ ಮೇಲಿನ ಬೀದಿಯ ಅಣ್ಣಯ್ಯನ ಮನೆಯಿಂದ ಕರೆ ಬಂತು. ಅಣ್ಣಯ್ಯನದು ಊರಿಗೇ ದೊಡ್ಡ ಅಟ್ಟ. ಕೊಬ್ಬರಿ ಕೊಳ್ಳಲು ತಿಪಟೂರಿನ ಬಸವರಾಜಪ್ಪ ಆಗಲೇ ಬಂದು ಕೂತಿದ್ದ. ಸುಲಿಯುವ ಆಳುಗಳಿಗೂ ಹೇಳಿಯಾಗಿತ್ತು. ಮಾಯಣ್ಣ ಇಂಥ ದಿನಕ್ಕಾಗಿಯೇ ಕಾಯುತ್ತಿದ್ದ. ಎಷ್ಟೋ ದಿನಗಳ ಮೇಲೆ, ಸುಳ್ಳು ಹೇಳಬೇಕಾಗಿಲ್ಲದ ಮನಸ್ಸಿನಿಂದ ಏಣಿ ಹತ್ತಿದ.

ಮೊದಲ ಕಾಯಿ ಲೊಟಲೊಟ ಎಂದಿತು. ಎರಡನೆಯದೂ ಅದನ್ನೇ ಹೇಳಿತು. ನಡುವಿನಿಂದ ಒಂದನ್ನು, ಗೋಡೆಯ ಕಡೆಯಿಂದ ಒಂದನ್ನು ತೆಗೆದು ನೋಡಿದ. ಗಟಗಟ ಎನ್ನುವವೂ ಇದ್ದವು, ಆದರೆ ನೀರಿನದೇ ಮೇಲುಗೈ. ಬಾಗಿಲ ಬಳಿ ಇದ್ದವು ಚೆನ್ನಾಗಿ ಒಣಗಿದ್ದವು. ಅಣ್ಣಯ್ಯ ಅವನ್ನಷ್ಟೇ ನೋಡಿಕೊಂಡಿದ್ದಿರಬೇಕು. ಮಾಯಣ್ಣ ಅಟ್ಟದ ಅಂಚಿಗೆ ಬಂದು, ಈಚಿನ ದಿನಗಳಲ್ಲಿ ಒಮ್ಮೆಯೂ ಆಡದ ಮಾತೊಂದನ್ನು ಆಡಿದ.

"ಆಗಿಲ್ಲ ಕಣಪ್ಪ. ಇನ್ನೊಂದ್ ತಿಂಗ್ಳು ಬುಡು."

ಅಣ್ಣಯ್ಯ ಅವನ ಕಡೆ ನೋಡಿ ವಿನಯದಿಂದ ತಲೆಯಾಡಿಸಿದ. ಆಮೇಲೆ ಬಸವರಾಜಪ್ಪನ ಕಡೆ ತಿರುಗಿ, ದನಿ ತಗ್ಗಿಸುವ ಗೋಜಿಗೂ ಹೋಗದೆ ಮಾತಾಡಿದ.

"ನೀವೇನ್ ಯೋಚ್ನೆ ಮಾಡ್ಬ್ಯಾಡಿ. ಅವ್ರಿಗೆ ಕಿವಿ ಹೋಗಿ ಎರಡು ವರ್ಷ ಆಯ್ತು."

"ಊರಿಗೆ ಗೊತ್ತೈತಾ?"

"ಎಲ್ರಿಗೂ ಗೊತ್ತು. ಕಾಯಿ ಆಗೈತೆ ಅಂತ ನಾವ್ ನೋಡ್ಕಂಡ್ ಮೇಲೇ ಅವ್ರನ್ನ ಕರ್ಯಾದು. ಬತ್ತಾರೆ, ಆಗೈತೆ ಅಂತಾರೆ, ಕಾಫಿ ಕುಡ್ದು ಹೋಯ್ತಾರೆ."

"ಮತ್ತೆ ಕರ್ಯಾದ್ಯಾಕಪ್ಪ?"

"ಇದೇನ್ರೀ ಹಿಂಗ್ ಕೇಳ್ತೀರಿ. ಹಿರೀರಿಗೆ ಹಲ್ಲಿಲ್ಲ ಅಂತ ಊಟಕ್ಕೆ ಎಲೆ ಹಾಕ್ದೆ ಇರ್ತೀವಾ? ಇವತ್ತೇ ಯಾಕೋ ಹಿಂಗಂದ್ಬುಟ್ರು. ಆ ಹಾಡು ಕಣ್ರೀ, ಹಾಡಿನ್ ಗದ್ಲದಾಗೆ ಏನ್ ಕೇಳುಸ್ತೋ ಏನೋ."

ಒಂದೊಂದು ಅಕ್ಷರವೂ ಎಡಗಿವಿಯ ಮಧ್ಯದ ಟೋಪಿಯಿಂದಲೂ ಬಲಗಿವಿಯ ದೊಡ್ಡ ಟೋಪಿಯಿಂದಲೂ ಒಟ್ಟಿಗೇ ಒಳಗೆ ಬಂತು. ಅಫ್ಜಲನ ಕೆಲಸದಲ್ಲಿ ಲೋಪವಿರಲಿಲ್ಲ.

ಒಂದು ಸಲವೂ ತಪ್ಪದ ಎರಡು ವರ್ಷಗಳು ಅವನ ಕಣ್ಣ ಮುಂದೆ ಹಾದುಹೋದವು. ದೇವರ ಪಾಲಿಗೆ ಬರೆದುಕೊಂಡಿದ್ದೆಲ್ಲ ಊರವರ ಪಾಲಿನದಾಗಿತ್ತು. ಈಗ ತಂತಿ ಕಿತ್ತು, ಡಬ್ಬಿ ತೋರಿಸಿ, ನೀವು ಆಡಿದ್ದೆಲ್ಲ ಕೇಳಿಸಿತು, ಕಾಯಿ ಹಸಿಯಿದೆ ಎಂದು ಹೇಳಿಬಿಡಬಹುದು. ಹೇಳಿದರೆ ಅಣ್ಣಯ್ಯನ ಕಾಯಿ ಉಳಿಯುತ್ತದೆ. ಆದರೆ ಅಣ್ಣಯ್ಯ ತನ್ನ ಮನೆಯಲ್ಲೇ, ಹೊರಗಿನವನ ಎದುರು ತಲೆ ತಗ್ಗಿಸಬೇಕಾಗುತ್ತದೆ. ಕಿವಿ ಮಾಯಣ್ಣನದಲ್ಲ, ಡಬ್ಬಿಯದು ಎಂದಾಗುತ್ತದೆ. ಅಂಥ ಡಬ್ಬಿ ತಿಪಟೂರಿನಲ್ಲಿ ಯಾರು ಬೇಕಾದರೂ ಕೊಳ್ಳಬಹುದು. ಗೊತ್ತಿದ್ದೂ ಕರೆಯುತ್ತಿದ್ದ ಜನ, ಗೊತ್ತೆಂದು ಅವನಿಗೂ ಗೊತ್ತಾದ ಮೇಲೆ ಯಾವ ಮುಖ ಇಟ್ಟುಕೊಂಡು ಕರೆದಾರು?

ಅವನು ಜೇಬಿಗೆ ಕೈ ಹಾಕಿ ಡಬ್ಬಿಯ ಗಾಲಿಯನ್ನು ಕೊನೆಯವರೆಗೆ ಹಿಂದಕ್ಕೆ ತಿರುಗಿಸಿದ. ಮನೆ, ಮಾತು, ಹೊರಗಿನ ದನಗಳು, ಎಲ್ಲ ಹಳೆಯ ಜಾಗಕ್ಕೆ ಸರಿದು ಹೋದವು. ಕೈಗೆ ಸಿಕ್ಕ ಕಾಯೊಂದನ್ನು ಎತ್ತಿ, ಕಣ್ಣು ಮುಚ್ಚಿ ಅಲ್ಲಾಡಿಸಿದ. ಕಣ್ಣು ಬಿಟ್ಟಾಗ ಕೆಳಗೆ ಅಣ್ಣಯ್ಯನ ಮುಖ ಕಾಣಿಸಿತು. ಆ ಮುಖದಲ್ಲಿ ಏನು ಬೇಕೆಂದು ಬರೆದಿತ್ತೋ ಅದನ್ನೇ ಹೇಳಿದ.

"ಆಗ ಎತ್ತಿದ್ದು ಮೂಲೇವು ಕಣಪ್ಪ. ಆಗೈತೆ, ಇಳ್ಸು."

ಏಣಿ ಇಳಿಯುವುದರೊಳಗೆ ಕಾಫಿ ಬಂದಿತ್ತು.

ಕಾಯಿ ಸುಲಿದು ಒಡೆಯುವ ದಿನ ಅಣ್ಣಯ್ಯ ಅವನಿಗೆ ಮತ್ತೆ ಹೇಳಿ ಕಳಿಸಿದ. ಹಾಗೆ ಕರೆಯುವುದು ವಾಡಿಕೆಯಲ್ಲ. ಮೊದಲ ಕಾಯಿ ಒಡೆಯುವ ಮೊದಲೇ ಹೇಳಿ ಕಳಿಸಿದ್ದ, ಒಮ್ಮೆ ಆಗಿಲ್ಲ ಎಂದಿದ್ದವರಿಗೆ ಆದ ಕೊಬ್ಬರಿ ತೋರಿಸಿ ಸಮಾಧಾನ ಮಾಡಬೇಕು ಎಂದಿರಬೇಕು. ಅಂಗಳದಲ್ಲಿ ಆಳುಗಳು ಚಿಪ್ಪು ಒಡೆಯುತ್ತಿದ್ದರು. ಜಗುಲಿಯಲ್ಲಿ ಚಾಪೆ ಹಾಸಿತ್ತು. ಮಾಯಣ್ಣ ತಂತಿ ಹಾಕಿಕೊಂಡೇ ಬಂದು ಕೂತ. ಗಾಲಿ ಮುಂದಕ್ಕಿತ್ತು. ಮನೆಯಿಂದ ಹೊರಡುವಾಗ ಎರಡು ಸಲ ಹಿಂದಕ್ಕೆ ತಿರುಗಿಸಿ, ಎರಡು ಸಲವೂ ಮುಂದಕ್ಕೆ ತಿರುಗಿಸಿಕೊಂಡಿದ್ದ.

ಉಂಡೆಯಾಗಿ ಬಂದದ್ದು ಒಂದು ರಾಶಿ. ಚೂರಾಗಿ, ಚಿಪ್ಪಿಗೆ ಕಚ್ಚಿ, ನೀರು ಸೋರಿಸಿಕೊಂಡು ಬಂದದ್ದು ಅದಕ್ಕಿಂತ ದೊಡ್ಡ ರಾಶಿ. ಬಸವರಾಜಪ್ಪ ಒಂದು ಹಸಿ ಚೂರು ಹಿಡಿದುಕೊಂಡು ಜಗುಲಿಯ ಕಡೆ ಹೊರಟ. ಅಣ್ಣಯ್ಯ ಓಡಿಬಂದು ಅವನ ಕೈ ಹಿಡಿದ.

"ಅವ್ರ ಮುಂದೆ ಮಾತ್ರ ತೋರುಸ್ಬ್ಯಾಡಿ. ನನ್ ಕೊಬ್ರಿ ಹೋದ್ರೆ ಹೋಯ್ತು. ವಯಸ್ಸಾದೋರು, ಏನೋ ತಪ್ಪಾಗೈತೆ. ನೊಂದ್ಕಂತಾರೆ."

ಬಸವರಾಜಪ್ಪ ಏನೋ ಗೊಣಗಿ ಚೂರನ್ನು ರಾಶಿಗೆ ಎಸೆದ. ಅಣ್ಣಯ್ಯ ಆಳುಗಳಿಗೆ ಕಣ್ಸನ್ನೆ ಮಾಡಿದ. ಹಸಿ ಚೂರಿನ ಮಂಕರಿಗಳ ಮೇಲೆ ಗೋಣಿತಾಟು ಮುಚ್ಚಿ, ದನದ ಕೊಟ್ಟಿಗೆಯ ಹಿಂದಕ್ಕೆ ಸಾಗಿಸಬೇಕು. ಆದರೆ ಅಲ್ಲಿಗೆ ಇದ್ದದ್ದು ಒಂದೇ ದಾರಿ, ಜಗುಲಿಯ ಮುಂದಿನಿಂದ. ಮೊದಲ ಮಂಕರಿ ಹೊತ್ತವನು ಮಾಯಣ್ಣನನ್ನು ನೋಡಿ ಅನುಮಾನಿಸಿ ನಿಂತ.

ಮಾಯಣ್ಣ ಚಾಪೆಯ ಮೇಲೆ ನಿಧಾನವಾಗಿ ತಿರುಗಿ ಗೋಡೆಯ ಕಡೆ ಮುಖ ಮಾಡಿ ಕೂತ. ಕೊನೆಯ ಮಂಕರಿಯ ನೀರು ತೊಟ್ಟಿಕ್ಕುವ ಸದ್ದು ದಾಟಿ ಹೋಗುವವರೆಗೂ ಹಾಗೆಯೇ ಕೂತಿದ್ದ.