ದಾಟಿದ್ದು ಏಳು

ಟಿಕ್.

ಭಜನೆಯವರು ಕಾಫಿಗೆಂದು ಎದ್ದಿದ್ದ ಹೊತ್ತು. ಕೀಲಿ ಒತ್ತಿದ ಆ ಸಣ್ಣ ಸದ್ದು ಪ್ರಮೋದಾಳಿಗೆ ಊರಿಗೆಲ್ಲ ಕೇಳಿಸಿತೇನೋ ಎನಿಸಿತು. ದೊಡ್ಡಪ್ಪ ಸಂಜೀವಪ್ಪನವರ ಹೆಣ ಜಗುಲಿಯಲ್ಲಿತ್ತು. ಪಕ್ಕದ ಅಂಗಡಿಕೋಣೆಯಲ್ಲಿ, ಅವರು ಊರವರ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುತ್ತಿದ್ದ ಮೇಜಿನ ಮೇಲೆ, ಅವಳು ತನ್ನ ಲ್ಯಾಪ್‌ಟಾಪ್ ತೆರೆದಿದ್ದಳು. ದೊಡ್ಡಪ್ಪನ ಮಾನಿಟರಿನ ಅಂಚಿಗೆ ಇಂಟರ್‌ನೆಟ್ ಲೈನ್ ಎಳೆದವನು ಅಂಟಿಸಿಹೋದ ಚೀಟಿಯಿತ್ತು. ಚೀಟಿಯಲ್ಲಿ ಆ ಲೈನಿನ ವಿಳಾಸ, ಚುಕ್ಕಿಗಳ ನಡುವೆ ಬರೀ ಅಂಕಿ. ಈ ಅಂಕಿಗಳನ್ನು ಎಲ್ಲೋ ನೋಡಿದ್ದೆನಲ್ಲ ಎಂದು ಸಂಜೆಯಿಂದ ಅವಳಿಗೆ ಅನಿಸುತ್ತಲೇ ಇತ್ತು.

ತಕರಾರು ಹಾಕುವ ಕೊನೆಯ ದಿನ ಈ ವಿಳಾಸದಿಂದ ಬಂದ ಅರ್ಜಿಗಳಲ್ಲಿ ದಾಟಿದ್ದೆಷ್ಟು, ಬಿದ್ದದ್ದೆಷ್ಟು ಎಂದು ತನ್ನ ಕಚೇರಿಯ ಸರ್ವರಿನ ದಾಖಲೆಯನ್ನು ಕೇಳಿದ್ದಳು. ಉತ್ತರ ಬಂತು.

ದಾಟಿದ್ದು ಏಳು. ಬಿದ್ದದ್ದು ಸಾವಿರದ ನಾನೂರ ಹನ್ನೆರಡು. ಸಂಜೆ ಆರರ ಮೇಲಿನವಕ್ಕೆಲ್ಲ ಒಂದೇ ಕಾರಣ: ಪ್ರವೇಶ ನಿರಾಕರಿಸಲಾಗಿದೆ. ಕಟ್ಟಕಡೆಯದು ರಾತ್ರಿ ಹನ್ನೊಂದು ಐವತ್ತೊಂಬತ್ತಕ್ಕೆ.

* * *

ಮೂರು ತಿಂಗಳ ಹಿಂದಿನ ಮಾತು. ವಿಮಾನ ನಿಲ್ದಾಣದ ಆಚೆ ಸರ್ಕಾರ ಜಮೀನು ವಶಪಡಿಸಿಕೊಳ್ಳುವ ನೋಟಿಸಿಗೆ ರೈತರು ತಕರಾರು ಹಾಕಲು ಅದೇ ಕೊನೆಯ ದಿನ. ಆ ಅರ್ಜಿಗಳು ಬಂದು ಸೇರುವ ಸರ್ವರನ್ನು ಕಾಯುವುದು ಪ್ರಮೋದಾಳ ಕೆಲಸ. ಹಗಲೆಲ್ಲ ಅದು ನೂಕುನುಗ್ಗಲಿಗೆ ಏದುಸಿರು ಬಿಡುತ್ತಿತ್ತು. ಆರು ಗಂಟೆಗೆ ಎಣಿಸಿ ನೋಡಿದರೆ ಒಂದೇ ವಿಳಾಸದಿಂದ ಬಂದ ಮುನ್ನೂರ ತೊಂಬತ್ತು ಬಿದ್ದಿವೆ, ಏಳು ಮಾತ್ರ ದಾಟಿವೆ. ಮನುಷ್ಯರು ಹೀಗೆ ಒತ್ತುವುದಿಲ್ಲ, ಇದು ಯಾರೋ ಕಳ್ಳರು ಬಿಟ್ಟ ಯಂತ್ರ ಎಂದುಕೊಂಡಳು. ಅಂಕಿಗಳಲ್ಲಿ ಊರಿನ ಹೆಸರಿರಲಿಲ್ಲ. ಆ ವಿಳಾಸಕ್ಕೆ ಬಾಗಿಲು ಹಾಕಿದಳು. ಮ್ಯಾನೇಜರು ಎಲ್ಲರೆದುರು ಅವಳನ್ನು ಹೊಗಳಿದರು.

ಅಂದಿನಿಂದ ಊರು ಸಂಜೀವಪ್ಪನವರ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ನಿನ್ನೆ ಅವರು ಅಂಗಡಿಯ ಕುರ್ಚಿಯಲ್ಲೇ ಎದೆ ಹಿಡಿದುಕೊಂಡು ಹೋದರು.

* * *

"ಹೆಗಲು ಕೊಡೋ ಕೊಂಡಪ್ಪ," ಎಂದರು ಬೆಳಿಗ್ಗೆ ಹೆಣ ಎತ್ತುವಾಗ ಊರಿನ ಹಿರಿಯ ಆದಿನಾರಾಯಣಪ್ಪ.

"ನನ್ನ ಎರಡೆಕ್ರೆ ದ್ರಾಕ್ಷಿತೋಟ ನುಂಗ್ದೋನಿಗೆ ನಾನ್ಯಾಕ್ ಹೆಗಲು ಕೊಡ್ಲಿ?"

"ಮಣ್ಣಿಗೆ ಬಂದು ಹಂಗನ್ಬಾರ್ದು ಕಣೋ."

"ಇನ್ನೇನನ್ಲಿ? ಏಳ್ ಮನೇ ಅರ್ಜಿ ಹೋಯ್ತಂತೆ, ಐವತ್ತೈದು ಮನೇದು ಹೋಗ್ಲೇ ಇಲ್ವಂತೆ! 'ಒತ್ತುತಾನೇ ಇದ್ದೆ ಕಣ್ಲಾ' ಅಂದ. ಎಲ್ಲಿ ಒತ್ತಿದ್ದ? ಗೊರಕೆ ಹೊಡ್ದಿರ್ತಾನೆ."

"ಒತ್ತೋಕೆ ಬೆರಳೇನ್ ಸವ್ದೋಗ್ತಿತ್ತಾ?" ನೆರೆಮನೆಯ ಬೈರಮ್ಮ ಸೆರಗಿನ ಮರೆಯಿಂದಲೇ ಕುಟುಕಿದಳು.

ಗಂಡನ ತಲೆದೆಸೆಯಲ್ಲಿ ಕುಳಿತಿದ್ದ ಅಕ್ಕಯಮ್ಮ ತಲೆಯೆತ್ತಿದರು. "ನಮ್ದೂ ಹೋಗ್ಲಿಲ್ವಲ್ಲೋ ಪಾಪಿ! ಎಲ್ರುದೂ ಆಗ್ಲಿ ಅಂತ ನಮ್ದನ್ನ ಕೊನೇಗಿಟ್ಕೊಂಡಿದ್ರು." ಆಮೇಲೆ ಪ್ರಮೋದಾಳ ಕೈ ಹಿಡಿದರು. "ನೀನು ಓದಿರೋಳು, ಅದೇ ಕೆಲ್ಸದಲ್ಲಿರೋಳು. ಹೇಳವ್ವ ಇವ್ರಿಗೆ. ನಿಮ್ಮ ದೊಡ್ಡಪ್ಪ ಒತ್ತಿದ್ರಾ, ಇಲ್ವಾ?"

ತಮಟೆ ನಿಂತಿತು. ಅಷ್ಟೂ ಮುಖಗಳು ಅವಳತ್ತ ತಿರುಗಿದವು. ಒತ್ತಿದ್ದರು ಎಂದರೆ, ಮತ್ತೆ ತಡೆದೋರ್ಯಾರು ಎಂದು ಕೊಂಡಪ್ಪ ಕೇಳದೆ ಬಿಡುವವನಲ್ಲ.

"ಆ ದಾಖಲೆಯೆಲ್ಲ ಉಳಿದಿರಲ್ಲ ದೊಡ್ಡಮ್ಮ," ಎಂದಳು. "ಗೊತ್ತಾಗಲ್ಲ."

ಅಕ್ಕಯಮ್ಮ ಕೈ ಬಿಟ್ಟರು.

"ಕೇಳಿದ್ರಾ? ಮನೇ ಮಗ್ಳೇ ಹೇಳ್ತಾವ್ಳೆ," ಎಂದು ಕೊಂಡಪ್ಪ ಪಕ್ಕಕ್ಕೆ ಉಗಿದ.

ಗುಂಡಿಯ ಬಳಿ ಒಬ್ಬೊಬ್ಬರೂ ಮೂರು ಹಿಡಿ ಮಣ್ಣು ಹಾಕಿ ಸರಿದರು. ಕೊಂಡಪ್ಪ ಮಣ್ಣು ಮುಟ್ಟಲಿಲ್ಲ. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ತಕರಾರು ಅರ್ಜಿ ತೆಗೆದು ಹೆಣದ ಎದೆಯ ಮೇಲೆ ಎಸೆದ.

"ತಗೋ, ಅಲ್ಲಾದ್ರೂ ಹಾಕು. ಅಲ್ಲಿ ಸರ್ವರ್ ಬಿಜಿ ಇರಲ್ಲ."

ಯಾರೋ ಕಿಸಕ್ಕೆಂದರು.

ಪ್ರಮೋದಾಳ ಸರದಿ ಬಂತು. ಮೊದಲ ಹಿಡಿ ಕಾಲಿಗೆ ಹಾಕಿದಳು. ಎರಡನೆಯದು ಅರ್ಜಿಯ ಮೇಲೆ ಬಿತ್ತು. ಮೂರನೆಯದೂ ಅಲ್ಲೇ. ಆದರೂ ಕಾಗದದ ಒಂದು ಮೂಲೆ ಬೆಳ್ಳಗೆ ಕಾಣುತ್ತಿತ್ತು. ಯಾರಿಗೂ ಹೇಳುವುದಿಲ್ಲ, ದೊಡ್ಡಮ್ಮನಿಗೂ, ಎಂದಿಗೂ.

"ಮೂರ್ ಹಿಡಿ ಆಯ್ತಲ್ಲ, ಈಚೆಗ್ ಬಾರವ್ವ," ಎಂದರು ಆದಿನಾರಾಯಣಪ್ಪ.

ಅವಳು ಬಗ್ಗಿ, ಎರಡೂ ಕೈಗಳಿಂದ ಮಣ್ಣು ಬಾಚಿಕೊಂಡಳು.